ಮೊದಲ ಬಂದೂಕು: ಯಾರ ಅಳತೆಗೆ, ಯಾವ ಗುರಿಗೆ?

ನಾನು ಹಲಸೂರು ಕಡೆಯ ಒಂದು ಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಪಾಠ ಹೇಳಿದವನು. ಜೊತೆಗೆ ಎನ್.ಸಿ.ಸಿ. ಕೆಲಸವನ್ನೂ ನೋಡಿಕೊಂಡವನು. ನಮ್ಮ ಈ ದಂಡು ಪ್ರದೇಶದ ಬೀದಿಗಳ ಹೆಸರನ್ನೇ ನೋಡಿ: ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಇಂದು ಕಾಮರಾಜ ರಸ್ತೆ ಎನಿಸಿಕೊಂಡಿರುವ ಹಳೆಯ ಕ್ಯಾವಲ್ರಿ ರಸ್ತೆ. ಹಲಸೂರು ಕೆರೆಯ ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ದಳದ ನೆಲೆ. ಇಂಥ ಕಡೆ ಬೆಳೆಯುವ ಮಕ್ಕಳಿಗೆ ಬಂದೂಕಿನ ಮೇಲೆ ಕುತೂಹಲ ಹುಟ್ಟುವುದು ಸಹಜ.

ಒಮ್ಮೆ ಒಬ್ಬ ಹುಡುಗ ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಓದಿ ಮುಗಿಸಿ ನೇರವಾಗಿ ನನ್ನ ಬಳಿ ಬಂದ. "ಸಾರ್, ನಾನು ಸ್ವಲ್ಪ ಸಣ್ಣಗಿದ್ದೀನಿ. ನನ್ನಂಥವನು ಬೇಟೆಗೆ ಮೊದಲು ಯಾವ ರೈಫಲ್ ತೊಗೋಬೇಕು?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಬೇಟೆಯದು, ಇನ್ನೊಂದು ಅಳತೆಯದು. ಇವತ್ತು ಎರಡಕ್ಕೂ ಉತ್ತರ ಹೇಳುತ್ತೇನೆ.

ಮೊದಲು ಬೇಟೆಯ ಮಾತು. ತೇಜಸ್ವಿಯವರು ಕನ್ನಡಕ್ಕೆ ತಂದ ಆ ಕಥೆಗಳ ಮೂಲ ಲೇಖಕ ಕೆನ್ನೆತ್ ಆಂಡರ್ಸನ್ ನಮ್ಮ ಬೆಂಗಳೂರಿನವನೇ. ಅವನ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಅದು ಬೇರೆ ಕಾಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1991ರ ತಿದ್ದುಪಡಿಯ ನಂತರ ಹವ್ಯಾಸದ ಬೇಟೆಗೆ ನಮ್ಮ ದೇಶದಲ್ಲಿ ಜಾಗವೇ ಉಳಿಯಲಿಲ್ಲ. ಮನುಷ್ಯರ ಜೀವಕ್ಕೆ ಅಪಾಯ ತಂದ ಪ್ರಾಣಿಯನ್ನು ಕೊಲ್ಲಲೂ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆದೇಶ ಬೇಕು. ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಯತ್ನಿಸುವುದೂ ಕಾಯಿದೆಯ ಕಣ್ಣಿನಲ್ಲಿ ಬೇಟೆಯೇ. ಆದ್ದರಿಂದ ಹಲಸೂರು ಕೆರೆಯ ನೀರುಕಾಗೆಗೆ ಏರ್‌ಗನ್ ಗುರಿಯಿಡುವ ಹುಡುಗ "ಸುಮ್ಮನೆ ಆಟಕ್ಕೆ" ಎಂದರೆ ಕಾಯಿದೆ ಒಪ್ಪುವುದಿಲ್ಲ.

ಹಾಗಾದರೆ ಬಂದೂಕಿನ ಸಂಪ್ರದಾಯವೇ ಇರುವವರು ಏನು ಮಾಡಿದರು? ನಮ್ಮ ಕೊಡಗನ್ನೇ ನೋಡಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿನ ಮನೆಗಳಲ್ಲಿ ಕೋವಿಗೆ ತೋಕ್‌ಪೂ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೋವಿಯೂ ಉಳಿಯಿತು, ಕೈಚಳಕವೂ ಉಳಿಯಿತು. ಗುರಿ ಮಾತ್ರ ಬದಲಾಯಿತು. ನಿಮ್ಮ ಮೊದಲ ಬಂದೂಕಿನ ಗುರಿಯೂ ಕಾಗದದ ಮೇಲಿನ ಕಪ್ಪು ಬೊಟ್ಟೇ ಆಗಿರಲಿ.

ಈಗ ಅಳತೆಯ ಮಾತು. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು.

ಕೆ.ಆರ್. ಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ನಮ್ಮ ಕೆಡೆಟ್ ಆಗಿದ್ದಳು. ಪುಟ್ಟ ಆಳು, ಸಣ್ಣ ಕೈ. ಫೈರಿಂಗ್ ದಿನ ಅವಳಿಗೆ ಬಿಎಸ್‌ಎ ಮಾದರಿಯ ಹಳೆಯ ಪಾಯಿಂಟ್ ಟೂ ಟೂ ರೈಫಲ್ ಸಿಕ್ಕಿತು. ಅದರ ಉದ್ದ 45 ಅಂಗುಲ, ತೂಕ ನಾಲ್ಕು ಕಿಲೋಗೆ ಹತ್ತಿರ. ಮಲಗಿಕೊಂಡು ಹೊಡೆಯುವಾಗ ಬಟ್ ಅವಳ ಭುಜಕ್ಕೆ ಕೂರಲಿಲ್ಲ, ಕಂಕುಳಿಗೆ ಜಾರಿತು. ಕುದುರೆ ಮುಟ್ಟಲು ಕೈಯನ್ನು ಎಳೆದಳು, ಗುರಿ ನೋಡಲು ಕುತ್ತಿಗೆ ಚಾಚಿದಳು. ಐದು ಗುಂಡುಗಳಲ್ಲಿ ಎರಡು ಕಾಗದಕ್ಕೇ ತಾಗಲಿಲ್ಲ. ನಾನು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಫೈರಿಂಗ್‌ಗೆ ಯೋಗ್ಯಳಲ್ಲ' ಎಂದು ಬರೆದೆ. ಅವಳು ಏನೂ ಮಾತಾಡದೆ ಹೋಗಿ ಟೋಪಿ ಕೈಯಲ್ಲಿ ಹಿಡಿದು ಕೂತಳು.

ಸೈನ್ಯದಿಂದ ನಮಗೆ ಕಲಿಸಲು ಬಂದಿದ್ದ ಹವಾಲ್ದಾರರು ಇದನ್ನು ನೋಡಿದರು. ಹತ್ತಿರ ಬಂದು ತಮ್ಮ ಅರೆಬರೆ ಕನ್ನಡದಲ್ಲಿ, "ಸಾಬ್, ಹುಡುಗಿ ಚಿಕ್ಕದು ಅಲ್ಲ, ರೈಫಲ್ ದೊಡ್ಡದು" ಎಂದರು. ಡಿಲಕ್ಸ್ ಮಾದರಿಯ ರೈಫಲ್ ತಂದರು. ಅದೂ ಪಾಯಿಂಟ್ ಟೂ ಟೂ. ಆದರೆ ಉದ್ದ 43 ಅಂಗುಲ, ತೂಕ 6 ಪೌಂಡ್ 2 ಔನ್ಸ್, ಅಂದರೆ ಮೂರು ಕಿಲೋಗಿಂತ ಕಡಿಮೆ. ಮುಂದಿನ ಕೈ ಕೆಳಗೆ ಮರಳುಚೀಲ ಇಟ್ಟರು. ಅದೇ ಹುಡುಗಿ, ಅದೇ 25 ಗಜ. ಈ ಸಲ ಐದೂ ಗುಂಡುಗಳು ಒಂದು ಅಂಗೈ ಅಗಲದೊಳಗೆ ಬಿದ್ದವು. ನಾನು ಬರೆದದ್ದನ್ನು ನಾನೇ ಹೊಡೆದುಹಾಕಿದೆ. ಮಿತ್ರರೆ, ಆ ದಿನ ಅಯೋಗ್ಯವಾಗಿದ್ದದ್ದು ಹುಡುಗಿಯಲ್ಲ, ನನ್ನ ಅಳತೆ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುತ್ತಾರೆ ಹಿರಿಯರು. ದುಡ್ಡಿನ ವಿಷಯದಲ್ಲಿ ಅದು ಸರಿ. ಬಂದೂಕಿನ ವಿಷಯದಲ್ಲಿ ಮಾತ್ರ ಕಾಲು ಇದ್ದಷ್ಟಕ್ಕೆ ಹಾಸಿಗೆ ಹೊಲಿಸಬೇಕು.

ಅಳತೆ ನೋಡುವುದು ಹೇಗೆ? ಹವಾಲ್ದಾರರು ತೋರಿಸಿದ ಸುಲಭ ಉಪಾಯ ಕೇಳಿ. ತೋಟಾ ಇಲ್ಲ ಎಂದು ಎರಡು ಸಲ ಪರೀಕ್ಷಿಸಿದ ರೈಫಲ್ ತೆಗೆದುಕೊಳ್ಳಿ. ಮೊಣಕೈಯನ್ನು ಸಮಕೋನಕ್ಕೆ ಮಡಿಸಿ ಬಟ್‌ನ ತುದಿಯನ್ನು ಮೊಣಕೈಯ ಒಳಮಡಿಕೆಗೆ ತಾಗಿಸಿ. ತೋರುಬೆರಳಿನ ಮೊದಲ ಗೆಣ್ಣು ಕುದುರೆಗೆ ಆರಾಮವಾಗಿ ಮುಟ್ಟಬೇಕು. ಮುಟ್ಟದಿದ್ದರೆ ಬಟ್ ಉದ್ದವಾಯಿತು. ದೊಡ್ಡವರ ರೈಫಲ್‌ಗಳಲ್ಲಿ ಈ ಅಂತರ ಸುಮಾರು ಹದಿನಾಲ್ಕು ಅಂಗುಲ. ಸಣ್ಣ ಮೈಯವರಿಗೆ ಹನ್ನೆರಡರ ಆಸುಪಾಸು ಸಾಕು. ಆಮೇಲೆ ನಿಂತು, ರೈಫಲನ್ನು ಭುಜಕ್ಕೆ ಏರಿಸಿ ಒಂದು ನಿಮಿಷ ಹಿಡಿಯಿರಿ. ಸೊಂಟ ಹಿಂದಕ್ಕೆ ವಾಲಿದರೆ ನಳಿಗೆಯ ಕಡೆ ಭಾರ ಹೆಚ್ಚು ಎಂದರ್ಥ.

ಮೂರನೆಯದು ಒದೆತ. ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠ ನೆನಪಾಗಲಿ. ಗುಂಡು ಮುಂದಕ್ಕೆ ಪಡೆದ ಸಂವೇಗದಷ್ಟನ್ನೇ ಬಂದೂಕು ಹಿಂದಕ್ಕೆ ಪಡೆಯುತ್ತದೆ. ಪಾಯಿಂಟ್ ಟೂ ಟೂ ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಆಂಡರ್ಸನ್ ಕಾಡಿಗೆ ಒಯ್ಯುತ್ತಿದ್ದದ್ದು ಪಾಯಿಂಟ್ ನಾಲ್ಕುನೂರೈದು ವಿಂಚೆಸ್ಟರ್. ಅದರ ಗುಂಡು ಸುಮಾರು 19 ಗ್ರಾಂ, ವೇಗ ಸುಮಾರು 670 ಮೀಟರ್. ಗುಣಿಸಿ ನೋಡಿ. ಎರಡನೆಯದರ ಸಂವೇಗ ಮೊದಲನೆಯದರ ಸುಮಾರು ಹದಿನೈದು ಪಟ್ಟು! ಬಂದೂಕು ಭಾರವಾದಷ್ಟೂ ಹಿಂದಕ್ಕೆ ಬರುವ ವೇಗ ತಗ್ಗುತ್ತದೆ, ನಿಜ. ಆದರೆ ಸಣ್ಣ ಮೈ ಆ ಭಾರ ಹೊರಲಾರದು. ಆದ್ದರಿಂದ ಕಲಿಯುವವನ ಒದೆತ ತಗ್ಗಿಸಲು ಬಂದೂಕಿನ ತೂಕ ಏರಿಸಬಾರದು, ತೋಟಾ ಸಣ್ಣದು ಮಾಡಬೇಕು. ಒಮ್ಮೆ ಜೋರಾಗಿ ಒದೆಸಿಕೊಂಡ ಮಗು ಮುಂದಿನ ಸಲ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿ ಭುಜ ಅಲುಗಿಸುತ್ತದೆ. ಆ ಬೆಚ್ಚುವ ಅಭ್ಯಾಸ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ನಾಲ್ಕನೆಯದು ಕಣ್ಣು. ಎರಡೂ ಕಣ್ಣು ತೆರೆದು ದೂರದ ದೀಪದ ಕಂಬಕ್ಕೆ ಹೆಬ್ಬೆರಳು ಹಿಡಿಯಿರಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಹೆಬ್ಬೆರಳು ಕಂಬದ ಮೇಲೇ ನಿಲ್ಲುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನನಾಗಿರುವುದೂ ಉಂಟು. ಇದನ್ನು ಮೊದಲ ದಿನವೇ ಗುರುಗಳಿಗೆ ತಿಳಿಸಿ.

ಇಷ್ಟೆಲ್ಲ ಕೂಡಿಸಿದರೆ ಶಾಲಾ ವಯಸ್ಸಿನವರಿಗೆ ಉಳಿಯುವ ಉತ್ತರ ಒಂದೇ: 4.5 ಮಿಲಿಮೀಟರಿನ ಏರ್ ರೈಫಲ್. ಅದರಲ್ಲಿ ಒದೆತ ಬಹಳ ಕಡಿಮೆ. ಸ್ಪರ್ಧೆಯ ರೈಫಲ್‌ಗಳಲ್ಲಿ ಬಟ್ಟನ್ನೂ ಕೆನ್ನೆಪಟ್ಟಿಯನ್ನೂ ಮೈಗೆ ತಕ್ಕಂತೆ ಹೊಂದಿಸಬಹುದು. ಅಂತರರಾಷ್ಟ್ರೀಯ ನಿಯಮದಲ್ಲಿ 5.5 ಕಿಲೋ ಎಂಬುದು ತೂಕದ ಮೇಲ್ಮಿತಿ. ಅಷ್ಟು ತೂಕ ಇರಲೇಬೇಕೆಂದಲ್ಲ. ಹತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ಬೊಟ್ಟಿನ ಅಗಲ ಬರೀ ಅರ್ಧ ಮಿಲಿಮೀಟರ್. ಹುಲಿ ಹೊಡೆಯುವುದಕ್ಕಿಂತ ಇದೇನು ಸುಲಭವೆಂದು ಭಾವಿಸಬೇಡಿ! 2023ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಈ ಬೊಟ್ಟಿಗೇ ಗುರಿಯಿಟ್ಟು ಬೆಳ್ಳಿ ಗೆದ್ದ ಬೆಂಗಳೂರಿನ ತಿಲೋತ್ತಮಾ ಸೇನ್‌ಗೆ ಆಗ ಹದಿನೈದೇ ವರ್ಷ.

ಆದರೆ ನಾಳೆಯೇ ಅಂಗಡಿಗೆ ಓಡಬೇಡಿ. ಸ್ಪರ್ಧೆಯ ಏರ್ ರೈಫಲ್ ಲಕ್ಷಗಳ ಬಾಬ್ತು. ಎನ್.ಸಿ.ಸಿ. ಸೇರಿ, ಅಥವಾ ತರಬೇತಿ ಕೇಂದ್ರದ ಬಂದೂಕಿನಲ್ಲೇ ಕೆಲವು ತಿಂಗಳು ಕಲಿಯಿರಿ. ಬೆಳೆಯುವ ಮೈಗೆ ಇವತ್ತಿನ ಅಳತೆ ಮುಂದಿನ ವರ್ಷಕ್ಕೆ ಹೊಂದುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗಿಂತ ದೊಡ್ಡ ಬಾಯಿಯ ಅಥವಾ 20 ಜೂಲ್‌ಗಿಂತ ಹೆಚ್ಚು ಶಕ್ತಿಯ ಏರ್‌ಗನ್‌ಗೂ ಪರವಾನಗಿ ಬೇಕು. ತೋಟಾ ಹಾಕುವ ಬಂದೂಕಿನ ಪರವಾನಗಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ಚಿಕ್ಕವರು ಕಲಿಯುವುದಕ್ಕೆ ಕಾನೂನೇ ದಾರಿ ಬಿಟ್ಟಿದೆ. ಅದು ಹಿರಿಯರ ಕಣ್ಗಾವಲಿನ ದಾರಿ.

ಕೊನೆಗೆ ನಾಲ್ಕು ಮಾತು, ಬಾಯಿಪಾಠ ಮಾಡಿ. ಪ್ರತಿ ಬಂದೂಕಿನಲ್ಲೂ ಗುಂಡು ಇದೆ ಎಂದೇ ತಿಳಿಯಿರಿ. ನಳಿಗೆಯ ಬಾಯನ್ನು ಯಾರ ಕಡೆಗೂ ತಿರುಗಿಸಬೇಡಿ. ಹೊಡೆಯುವ ಕ್ಷಣದವರೆಗೂ ಬೆರಳು ಕುದುರೆಯ ಹೊರಗಿರಲಿ. ಗುರಿಯ ಹಿಂದೆ ಏನಿದೆ ಎಂದು ನೋಡದೆ ಹೊಡೆಯಬೇಡಿ. ಗೋಡೆಗೆ ಬಡಿದು ಹಿಂದಿರುಗಿದ ಸೀಸದ ಪುಟ್ಟ ಪೆಲೆಟ್ ಒಂದು ಕಣ್ಣನ್ನು ಕಸಿಯಬಲ್ಲದು. ಕನ್ನಡಕ ಮತ್ತು ಕಿವಿಯ ರಕ್ಷಣೆ ಅಲಂಕಾರಕ್ಕಲ್ಲ.

ಆ ಹುಡುಗನಿಗೆ ನಾನು ಹೇಳಿದ ಉತ್ತರವೂ ಇಷ್ಟೇ: "ಕಾಡಿಗೆ ಹೋಗೋಕೆ ಕ್ಯಾಮೆರಾ ತೊಗೋ, ರೇಂಜಿಗೆ ಬರೋಕೆ ಹೆಸರು ಕೊಡು." ಮುಂದಿನ ಭಾನುವಾರ ಅವನು ಬಂದ. ನಾನು ಪಟ್ಟಿಯಲ್ಲಿ ಏನನ್ನೂ ಬರೆಯಲಿಲ್ಲ. ಮೊದಲು ಅವನ ಕೈ ಅಳೆದೆ.