ಗರಡಿಯ ಜೋಡಿ

(ವ್ಯಾಯಾಮಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವ್ಯಾಯಾಮಶಾಲೆಯ ಚಾಲಕರು ನಮ್ಮನ್ನು ಕರೆಯಬಂದಾಗ, ಗರಡಿಯ ಉತ್ಸವದಲ್ಲಿ ವಕೀಲರಿಗೆ ಏನು ಕೆಲಸವೆಂದು ಕೇಳಿದೆವು. ಪೆಟ್ಟು ಕೊಟ್ಟವನೂ ಪೆಟ್ಟು ತಿಂದವನೂ ಕಡೆಗೆ ನಿಮ್ಮ ಬಾಗಿಲಿಗೇ ಬರುವರಲ್ಲವೇ ಎಂದು ಅವರು ನಕ್ಕರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂತೆಯೇ ಈ ಹೊತ್ತು ನಿಮ್ಮೆದುರಿಗೆ ನಿಂತಿದ್ದೇವೆ.

ಕುಸ್ತಿ, ಮಲ್ಲಕಂಬ, ಲಾಠಿ ಇವು ಇಲ್ಲಿ ಮೊದಲಿನಿಂದಲೂ ನಡೆದುಬಂದಿವೆ. ಈಚೆಗೆ ಕೈಕಾಲುಗಳ ವರಸೆಯ ಪಾಠವನ್ನೂ ಸೇರಿಸಿದ್ದಾರೆ. ಇಬ್ಬರು ಎದುರುಬದುರಾಗಿ ನಿಲ್ಲುವರು. ಒಬ್ಬರು ಗುದ್ದುವರು ಇಲ್ಲವೆ ಒದೆಯುವರು, ಇನ್ನೊಬ್ಬರು ತಡೆಯುವರು. ಬಳಿಕ ಸರದಿ ಬದಲಾಗುವದು. ಇದನ್ನು ಕಂಡು ಊರ ಹಿರಿಯರಲ್ಲಿ ಕೆಲವರು ಎರಡು ಆಕ್ಷೇಪಗಳನ್ನು ಎತ್ತಿದ್ದಾರೆ. ಇದು ನಮ್ಮದಲ್ಲ, ಜಪಾನಿನದು ಎಂಬದು ಒಂದು. ಗಾಂಧೀಜಿಯವರ ನಾಡಿನಲ್ಲಿ ಹುಡುಗರಿಗೆ ಹೊಡೆದಾಟವನ್ನು ಕಲಿಸುವದು ತರವಲ್ಲ ಎಂಬದು ಎರಡನೆಯದು. ಇವೆರಡೂ ತಳ್ಳಿಹಾಕತಕ್ಕ ಮಾತುಗಳಲ್ಲ.

ಕರಾಟೆಯು ಒಕಿನಾವಾ ದ್ವೀಪದಲ್ಲಿ ಬೆಳೆದ ವಿದ್ಯೆ. ಗಿಚಿನ್ ಫುನಾಕೋಶಿಯವರು 1922ರಲ್ಲಿ ಅದನ್ನು ಟೋಕಿಯೋ ನಗರದಲ್ಲಿ ಪ್ರದರ್ಶಿಸಿದ ಬಳಿಕ ಅದು ಜಪಾನಿನಲ್ಲಿ ಹಬ್ಬಿತು. ಅಲ್ಲಿಯ ಜೋಡಿ ಅಭ್ಯಾಸಕ್ಕೆ ಕುಮಿತೆ ಎಂದು ಹೆಸರು. ಹೊಸಬರಿಗೆ ಅದರಲ್ಲಿ ಒಂದು ಕ್ರಮವುಂಟು. ಹೊಡೆಯುವವನು ಎಲ್ಲಿ ಹೊಡೆಯುವೆನೆಂಬದನ್ನು ಮೊದಲೇ ಸಾರಿ, ಮೂರು ಇಲ್ಲವೆ ಐದು ಹೆಜ್ಜೆ ಮುಂದೊತ್ತಿ ಹೊಡೆಯಬೇಕು. ತಡೆಯುವವನು ಅಷ್ಟೇ ಹೆಜ್ಜೆ ಹಿಂದೆ ಸರಿಯುತ್ತ ಪ್ರತಿಯೊಂದನ್ನೂ ತಡೆದು, ಕಡೆಯ ಹೆಜ್ಜೆಯಲ್ಲಿ ಮಾತ್ರ ಮರುಪೆಟ್ಟು ಕೊಡಬೇಕು. ಒಳ್ಳೆಯ ಕ್ರಮವನ್ನು ಒಳ್ಳೆಯದೆಂದು ಒಪ್ಪಿಕೊಳ್ಳಲಿಕ್ಕೆ ನಾಚಿಕೆಯೇಕೆ?

ಆದರೆ ಮುಷ್ಟಿಯ ವಿದ್ಯೆಯೇ ಕನ್ನಡಿಗರಿಗೆ ಹೊಸದು ಎನ್ನುವವರು ತಮ್ಮ ಇತಿಹಾಸವನ್ನು ಒಮ್ಮೆ ನೋಡಬೇಕು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದ ಗ್ರಂಥ. ಮಲ್ಲರ ಆಹಾರವೇನು, ಸಾಮು ಹೇಗೆ, ಕಾಳಗ ಹೇಗೆ ಎಂಬದಕ್ಕೆ ಅದರಲ್ಲಿ ಒಂದು ಪ್ರಕರಣವೇ ಮೀಸಲಾಗಿದೆ. ವಿಜಯನಗರದ ಜಟ್ಟಿಗಳು ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಆಯುಧವನ್ನು ಹಿಡಿದು ಕಾದುತ್ತಿದ್ದುದನ್ನು ಹದಿನಾರನೆಯ ಶತಮಾನದ ಪೋರ್ಚುಗೀಜ ಬರೆಹಗಾರ ನೂನಿಜನು ಬರೆದಿಟ್ಟಿದ್ದಾನೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿವಸ ಇಂದಿಗೂ ವಜ್ರಮುಷ್ಟಿ ಕಾಳಗವು ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯ ಆಯುಧವನ್ನು ಧರಿಸಿ ಎದುರಾಗುವರು. ಒಬ್ಬನ ತಲೆಯಿಂದ ಮೊದಲ ನೆತ್ತರು ಒಸರಿದೊಡನೆ ಕಾಳಗವನ್ನು ನಿಲ್ಲಿಸುವರು. ಈ ‘ನಿಲ್ಲಿಸುವರು’ ಎಂಬ ಮಾತನ್ನು ನೆನಪಿನಲ್ಲಿಡಿರಿ.

ಸ್ವಾತಂತ್ರ್ಯವು ಬರುವ ಮೊದಲು ಕಲ್ಯಾಣವು ನಿಜಾಮನ ರಾಜ್ಯದಲ್ಲಿಯೂ, ಹಂಪೆಯು ಮದ್ರಾಸ ಇಲಾಖೆಯಲ್ಲಿಯೂ, ಮೈಸೂರು ತನ್ನ ಅರಸರ ಕೆಳಗೂ ಇದ್ದವು. 1953ರಲ್ಲಿ ಬಳ್ಳಾರಿಯ ಕನ್ನಡ ಭಾಗವೂ, 1956ರ ನವೆಂಬರ 1ರಂದು ಉಳಿದ ಭಾಗಗಳೂ ಕೂಡಿಬಂದ ಬಳಿಕವೇ ಈ ಮೂರನ್ನೂ ಒಂದೇ ಮನೆಯ ಕಥೆಯೆಂದು ಓದಲು ನಮಗೆ ಅನುಕೂಲವಾಯಿತು. ಇನ್ನೊಂದು ಮಾತು: ವಸ್ತಾದ ಎಂಬ ಶಬ್ದವು ಪಾರಸಿಯ ಉಸ್ತಾದದಿಂದ ಬಂದದ್ದು; ಪೈಲವಾನನೂ ಅಲ್ಲಿಂದಲೇ ಬಂದವನು. ಅವರಿಬ್ಬರನ್ನೂ ಗರಡಿಯಿಂದ ಹೊರಗೆ ಹಾಕಿ ಬಾಗಿಲಿಕ್ಕಿಕೊಂಡರೆ ಒಳಗೆ ಉಳಿಯುವವರು ಯಾರು?

ಇನ್ನು ಜೋಡಿಯ ವಿಷಯ.

ಗುದ್ದುವದನ್ನು ಕಲಿಯಲಿಕ್ಕೆ ಜೊತೆಗಾರನೇ ಬೇಕೆಂದಿಲ್ಲ. ಮರಳು ತುಂಬಿದ ಚೀಲವೂ ಸಾಕು. ಆದರೆ ಚೀಲವು ಮುಂದೆ ಬರುವದಿಲ್ಲ, ಹಿಂದೆ ಸರಿಯುವದಿಲ್ಲ, ಅದಕ್ಕೆ ನೋವೂ ಇಲ್ಲ. ವರ್ಷಗಟ್ಟಲೆ ಚೀಲಕ್ಕೆ ಗುದ್ದಿದವನು ಎದುರಿಗೆ ಮನುಷ್ಯನು ನಿಂತ ಕೂಡಲೆ ಅಂತರವನ್ನು ತಪ್ಪುವನು. ಅಂತರವೇ ಈ ವಿದ್ಯೆಯ ಜೀವಾಳ. ಮುಷ್ಟಿಯು ತಾಗುವ ದೂರ ಒಂದು, ಕಾಲು ತಾಗುವ ದೂರ ಇನ್ನೊಂದು. ಕಾಲು ಕೈಗಿಂತ ಉದ್ದವಾದದ್ದು ನಿಜ. ಆದರೆ ಒದೆಯುವವನು ಆ ಕ್ಷಣದ ಮಟ್ಟಿಗೆ ಒಂಟಿಕಾಲಿನವನು, ಅವನನ್ನು ಬೀಳಿಸಲು ಒಂದು ನೂಕು ಸಾಕು. ಬರುವ ಒದೆಯನ್ನು ಅಂಗೈ ಚಾಚಿ ಹಿಡಿಯಹೋದರೆ ಬೆರಳು ಮುರಿದೀತು. ಅರ್ಧ ಹೆಜ್ಜೆ ಓರೆಯಾಗಿ ಸರಿದು, ಮುಂಗೈಯಿಂದ ಅದನ್ನು ಬದಿಗೆ ಸಾಗಿಸಬೇಕು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಗುದ್ದುವವನು ತನ್ನ ಹೆಬ್ಬೆರಳನ್ನೇ ಮುರಿದುಕೊಳ್ಳುವನು. ಎದುರಾಳಿಯ ಕೈಯನ್ನೇ ನೋಡುತ್ತ ನಿಂತರೆ ಹೊತ್ತು ಮೀರಿಹೋಗುವದು. ಕೈಗಿಂತ ಮೊದಲು ಅವನ ಭುಜವೂ ಟೊಂಕವೂ ಕದಲುವವು. ಇವೆಲ್ಲ ಒಬ್ಬ ಮನುಷ್ಯನ ಮುಂದೆ ನಿಂತಲ್ಲದೆ ತಿಳಿಯುವ ಸಂಗತಿಗಳಲ್ಲ.

ಕೆಟ್ಟ ಜೊತೆಗಾರರು ಎರಡು ಬಗೆ. ಮೊದಲನೆಯವನು ಮಾತಾದದ್ದಕ್ಕಿಂತ ಜೋರಾಗಿ ಹೊಡೆಯುವವನು. ಅವನಿಂದ ಎದುರಿನವನು ಕಲಿಯುವದು ಅಂಜಿಕೆಯೊಂದನ್ನೇ. ಮರುದಿನ ಆ ಹುಡುಗನು ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುವನು. ಇವನನ್ನು ವಸ್ತಾದರು ದೂರದಿಂದಲೇ ಗುರುತಿಸಿ ಕಿವಿ ಹಿಂಡುವರು. ಎರಡನೆಯವನನ್ನು ಗುರುತಿಸುವದು ಕಷ್ಟ, ಏಕೆಂದರೆ ಅವನು ಸಜ್ಜನನು. ಗೆಳೆಯನಿಗೆ ನೋವಾದೀತೆಂದು ಅವನು ಮುಷ್ಟಿಯನ್ನು ಮುಖದ ಬದಿಯಿಂದ ಗಾಳಿಗೆ ಬಿಡುವನು. ತಡೆಯದಿದ್ದರೂ ಆ ಪೆಟ್ಟು ತಾಗುತ್ತಿರಲಿಲ್ಲ. ಎದುರಿನವನು ಗಾಳಿಯನ್ನೇ ತಡೆದು, ತನಗೆ ತಡೆಯು ಬಂತೆಂದು ನಂಬಿ ಮನೆಗೆ ಹೋಗುವನು. ಈ ಸುಳ್ಳು ಎಂದು ಹೊರಬೀಳುವದು? ನಿಜವಾದ ಪೆಟ್ಟು ಬಂದ ದಿನ. ಆದುದರಿಂದ ಗುರಿಯು ನಿಜವಿರಬೇಕು, ಬಲವು ಮಿತವಾಗಿರಬೇಕು. ತಡೆಯು ತಪ್ಪಿದಾಗ ಮುಷ್ಟಿಯು ಚರ್ಮಕ್ಕೆ ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲಬೇಕು. ಹೊಡೆಯುವದಕ್ಕಿಂತ ನಿಲ್ಲಿಸುವದಕ್ಕೆ ಹೆಚ್ಚಿನ ಕಸುವು ಬೇಕೆಂಬದನ್ನು ಒಂದು ಸಲ ಮಾಡಿ ನೋಡಿದವನು ಬಲ್ಲನು.

ನಮ್ಮ ವೃತ್ತಿಯಲ್ಲಿಯೂ ಇದರ ಅನುಭವವುಂಟು. ದೊಡ್ಡ ಖಟ್ಲೆಯ ಹಿಂದಿನ ರಾತ್ರಿ ಗೆಳೆಯನೊಬ್ಬನನ್ನು ಕೂಡ್ರಿಸಿಕೊಂಡು, ನೀನು ಎದುರು ಪಕ್ಷದ ವಕೀಲನಾಗಿ ವಾದಿಸು ಎನ್ನುತ್ತೇವೆ. ಸ್ನೇಹದ ಸಲುವಾಗಿ ಅವನು ಮೆತ್ತಗೆ ವಾದಿಸಿದರೆ ಮರುದಿನ ಕೋರ್ಟಿನಲ್ಲಿ ಬೆವರುವವರು ನಾವು.

ಕಾಯದೆಯ ಮಾತು ಬಂತು, ಅದನ್ನೂ ಹೇಳಿಬಿಡುವೆವು. ಪರಸ್ಪರ ಒಪ್ಪಿ ಮಾಡುವ ಈ ಹೊಡೆತ-ತಡೆತಗಳು ಅಪರಾಧವಲ್ಲವೇ? 1860ರ ಇಂಡಿಯನ್ ಪೀನಲ್ ಕೋಡಿನ 87ನೆಯ ಕಲಮು ಇದಕ್ಕೆ ಉತ್ತರ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ 2023ರ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಮಾತು 25ನೆಯ ಕಲಮಾಗಿದೆ. ಇಬ್ಬರು ವಿನೋದಕ್ಕಾಗಿ ಕತ್ತಿವರಸೆಯಾಡಲು ಒಪ್ಪಿಕೊಂಡರೆ, ಮೋಸವಿಲ್ಲದ ಆಟದಲ್ಲಿ ಆಗಬಹುದಾದ ಕೇಡನ್ನು ಸಹಿಸಿಕೊಳ್ಳಲು ಇಬ್ಬರೂ ಸಮ್ಮತಿಸಿದಂತೆಯೇ ಸರಿ ಎಂಬ ಉದಾಹರಣೆಯನ್ನು ಕಾಯದೆಯೇ ಕೊಡುತ್ತದೆ. ಆದರೆ ಮೇರೆಗಳನ್ನು ಮರೆಯಬಾರದು. ಮರಣವನ್ನಾಗಲಿ ತೀವ್ರ ಗಾಯವನ್ನಾಗಲಿ ಮಾಡುವ ಉದ್ದೇಶವಿರಬಾರದು. ಅದು ಸಂಭವಿಸೀತೆಂಬ ಅರಿವೂ ಇರಬಾರದು. ಎಲುಬಾಗಲಿ ಹಲ್ಲಾಗಲಿ ಮುರಿದರೆ ಕಾಯದೆಯ ಕಣ್ಣಿಗೆ ಅದು ತೀವ್ರ ಗಾಯವೇ. ಮೋಸದ ಪೆಟ್ಟಿಗೆ ಈ ಕಲಮಿನ ಆಶ್ರಯವಿಲ್ಲ. ಮೇಲಾಗಿ, ಈ ಕಲಮು ಗಣಿಸುವದು ಹದಿನೆಂಟು ವರ್ಷ ಮೀರಿದವರ ಸಮ್ಮತಿಯನ್ನು ಮಾತ್ರ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳಲ್ಲಿ ಹೆಚ್ಚಿನವರು ಇನ್ನೂ ಮೀಸೆ ಮೂಡದವರು! ಅವರ ಮೈಯ ಹೊಣೆಯು ವಸ್ತಾದರ ಮೇಲೂ ಚಾಲಕರ ಮೇಲೂ ಇದೆ ಎಂದು ತಿಳಿದೇ ಪಾಠವನ್ನು ನಡೆಸಬೇಕು.

ಸ್ವರಕ್ಷಣೆಯ ಹಕ್ಕನ್ನೂ ಕಾಯದೆಯು ಕೊಟ್ಟಿದೆ. ಆದರೆ ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ಕೇಡನ್ನು ಮಾಡುವ ಹಕ್ಕನ್ನು ಕೊಟ್ಟಿಲ್ಲ. ಅಪಾಯದ ಭಯವು ತೀರಿದೊಡನೆ ಆ ಹಕ್ಕೂ ತೀರುವದು. ಕೋರ್ಟಿಗೆ ಬರುವ ಹೊಡೆದಾಟದ ಖಟ್ಲೆಗಳಲ್ಲಿ ಎರಡೂ ಪಕ್ಷದವರು ಫಿರ್ಯಾದಿಗಳೇ. ಮೊದಲ ಪೆಟ್ಟನ್ನು ತಡೆದವನು ಅಲ್ಲಿಗೇ ನಿಂತಿದ್ದರೆ ನಿರ್ದೋಷಿಯಾಗುತ್ತಿದ್ದನು. ಬಿದ್ದವನನ್ನು ಮತ್ತೆರಡು ಸಲ ಒದ್ದುದರಿಂದ ಆರೋಪಿಯಾದನು. ನಿಲ್ಲಿಸುವದನ್ನು ಕೈಗೆ ಕಲಿಸದಿದ್ದರೆ, ಸಿಟ್ಟಿನ ಹೊತ್ತಿನಲ್ಲಿ ಬುದ್ಧಿಯು ಬಂದು ಅದನ್ನು ಕಲಿಸಲಾರದು.

ಇನ್ನು ಎರಡನೆಯ ಆಕ್ಷೇಪ. ಗಾಂಧೀಜಿಯವರ ಹೆಸರನ್ನು ಎತ್ತಿ ಗರಡಿಯನ್ನು ಹಳಿಯುವವರು, ಅವರು 1920ರಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಓದಬೇಕು. ಹೇಡಿತನ, ಹಿಂಸೆ ಇವೆರಡರಲ್ಲಿ ಒಂದನ್ನೇ ಆರಿಸಬೇಕಾದಲ್ಲಿ ತಾವು ಹಿಂಸೆಯನ್ನೇ ಹೇಳುವೆವೆಂದು ಬರೆದು, ಅಹಿಂಸೆಯು ಅದಕ್ಕಿಂತ ಎಷ್ಟೋ ಮೇಲಾದದ್ದೆಂದು ಅಲ್ಲಿಯೇ ಸಾರಿದರು. ಕ್ಷಮೆಯು ಶಿಕ್ಷಿಸಬಲ್ಲವನಿಗೆ ಭೂಷಣ. ಕೈಲಾಗದವನ ಕ್ಷಮೆಗೆ ಆ ಹೆಸರು ಸಲ್ಲದೆಂಬದೇ ಅವರ ಅಭಿಪ್ರಾಯ.

ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಇದನ್ನು ಚೆನ್ನಾಗಿ ಅರಿತಿದ್ದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆಯ ಕಷ್ಟಕ್ಕೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರೂ ಅವರ ಸಂಗಡಿಗರೂ ಬರೆದುಕೊಡಲಿಲ್ಲ. ಶಿಸ್ತಿನಲ್ಲಿ ಪಳಗಿದ ಮೈಗೂ ಪಳಗದ ಮೈಗೂ ಇರುವ ಭೇದವನ್ನು ದೇಶದ ನಾಯಕರು ಕಂಡರು. ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಮರುವರ್ಷ ಗಾಂಧೀಜಿಯವರೇ ಅಧ್ಯಕ್ಷರಾಗಿದ್ದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಆ ದಳದವರೇ ಸೇವೆಗೆ ನಿಂತರು. ಉಮಾಬಾಯಿ ಕುಂದಾಪುರ ಅವರ ಮುಂದಾಳ್ತನದಲ್ಲಿ ಸ್ತ್ರೀಯರೂ ಸ್ವಯಂಸೇವಕಿಯರಾದರು. ಅದೇ ಬೆಳಗಾವಿಯಲ್ಲಿ, ಅದೇ ದಿನಗಳಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. ನಾಡು ಒಂದಾಗಬೇಕೆಂಬ ಮಾತೂ, ಸಾಲಾಗಿ ನಿಲ್ಲುವ ಮೈಯೂ ಒಂದೇ ಬಯಲಿನಲ್ಲಿ ಕಾಣಿಸಿಕೊಂಡದ್ದು ಆಕಸ್ಮಿಕವೆಂದು ನಮಗೆ ತೋರುವದಿಲ್ಲ.

ಆದರೂ ಒಂದು ತೊಡಕು ಉಳಿಯುವದು. 1930ರ ಮೇ 21ರಂದು ಧಾರಾಸನದ ಉಪ್ಪಿನ ಕೋಠಿಯ ಮುಂದೆ ಸತ್ಯಾಗ್ರಹಿಗಳು ಸಾಲುಸಾಲಾಗಿ ಮುನ್ನಡೆದರು; ಪೋಲೀಸರ ಲಾಠಿಗಳು ತಲೆಯ ಮೇಲೆ ಬೀಳುತ್ತಿದ್ದರೂ ಪೆಟ್ಟನ್ನು ತಡೆಯಲು ಕೂಡ ಯಾರೂ ಕೈಯೆತ್ತಲಿಲ್ಲವೆಂದು ಅಮೇರಿಕದ ವರದಿಗಾರ ವೆಬ್ ಮಿಲ್ಲರನು ಜಗತ್ತಿಗೆ ತಿಳಿಸಿದನು. ತಡೆಯುವದೇ ಬೇಡವೆಂದ ಮೇಲೆ ತಡೆಯನ್ನು ಕಲಿಯುವದೇಕೆ? ಈ ಪ್ರಶ್ನೆಯನ್ನು ಈ ಶಾಲೆಯ ಒಬ್ಬ ವಿದ್ಯಾರ್ಥಿನಿಯೇ ನಮಗೆ ಕೇಳಿದಳು; ಹಿರಿಯರ ಆಕ್ಷೇಪಕ್ಕಿಂತ ಇದು ಗಟ್ಟಿಯಾದದ್ದು. ನಮಗೆ ತೋಚುವದಿಷ್ಟು. ಪೆಟ್ಟು ಬರುವಾಗ ಕೈ ತಾನಾಗಿ ಮೇಲೇಳುವದು, ಕಣ್ಣು ತಾನಾಗಿ ಮುಚ್ಚುವದು. ಅದು ಪ್ರಾಣಿಮಾತ್ರದ ಸ್ವಭಾವ. ಜೋಡಿಯ ಅಭ್ಯಾಸದಲ್ಲಿ ಸಾವಿರ ಸಲ ಕಣ್ಣು ತೆರೆದೇ ಪೆಟ್ಟನ್ನು ಎದುರುಗೊಂಡವನಿಗೆ ಕೈಯು ತನ್ನ ಮಾತನ್ನು ಕೇಳಹತ್ತುವದು. ಆ ಬಳಿಕ ಕೈಯೆತ್ತುವದೂ ಎತ್ತದಿರುವದೂ ಅವನ ಸಂಕಲ್ಪಕ್ಕೆ ಸೇರಿದ್ದು. ಗರಡಿಯ ಮಣ್ಣನ್ನು ಮುಟ್ಟದವರೂ ಇಂಥ ಧೈರ್ಯವನ್ನು ತೋರಿಸಿದ್ದಾರೆ. ಆದುದರಿಂದ ಗರಡಿಯೇ ಸತ್ಯಾಗ್ರಹಿಯನ್ನು ಮಾಡುವದೆಂದು ನಾವು ಹೇಳಲಾರೆವು. ದಾರಿಯಲ್ಲಿ ಅಡ್ಡಗಟ್ಟಿದ ದುರುಳನ ಎದುರಿಗೆ ನಿಂತ ಹೆಣ್ಣುಮಗಳು ಸತ್ಯಾಗ್ರಹ ಮಾಡಬೇಕೆಂದೂ ನಾವು ಹೇಳುವದಿಲ್ಲ. ಅವಳು ಧಾರಾಳವಾಗಿ ತಡೆಯಲಿ, ಒದೆಯಲಿ, ಓಡಿ ಬರಲಿ. ಅವಳ ವಕಾಲತ್ತನ್ನು ನಾವು ವಹಿಸುವೆವು!

ಕಡೆಯದಾಗಿ, ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ. ಗುದ್ದುವಾಗ ಎದುರಿನ ಮುಖದಲ್ಲಿ ನಿಮಗೆ ಯಾರು ಕಾಣುತ್ತಾರೆ? ಇನ್ನೊಂದು ಓಣಿಯವನೋ, ಇನ್ನೊಂದು ಜಾತಿಯವನೋ, ಇನ್ನೊಂದು ಮತದವನೋ? ಅಂಥವನನ್ನು ಒಂದು ದಿನ ಹೊಡೆಯಬೇಕೆಂದೇ ಕಲಿಯಲು ಬರುವ ಹುಡುಗರು ಎಲ್ಲ ಗರಡಿಗಳಲ್ಲಿಯೂ ಉಂಟು. ಅಂಥವರನ್ನು ಹುಡುಕಿಕೊಂಡು ಬರುವ ದೊಡ್ಡವರೂ ಉಂಟು. ಕೋಮುಗಲಭೆಯ ಖಟ್ಲೆಗಳಲ್ಲಿ ಆರೋಪಿಗಳ ಕಟಕಟೆಯಲ್ಲಿ ನಿಲ್ಲುವವರು ಈ ಹುಡುಗರು. ಹುಡುಕಿಕೊಂಡು ಬಂದವರ ಹೆಸರು ಯಾವ ಕಾಗದದಲ್ಲಿಯೂ ಇರುವದಿಲ್ಲ. ಜೊತೆಗಾರರನ್ನು ಹುಡುಗರೇ ಆರಿಸಿಕೊಂಡರೆ ಓಣಿಯವನು ಓಣಿಯವನನ್ನೇ ಆರಿಸುವನು. ಅದಕ್ಕಾಗಿ ವಸ್ತಾದರಲ್ಲಿ ನಮ್ಮದೊಂದು ವಿಜ್ಞಾಪನೆ: ಜೋಡಿಯನ್ನು ತಾವೇ ಕಟ್ಟಬೇಕು, ವಾರಕ್ಕೊಮ್ಮೆ ಬದಲಿಸಬೇಕು, ಮೇಲಿನ ಕೇರಿಯವನನ್ನು ಕೆಳಗಿನ ಕೇರಿಯವನ ಮುಂದೆ ನಿಲ್ಲಿಸಬೇಕು. ತನ್ನ ಹಲ್ಲನ್ನು ಒಂದು ವಾರ ಇನ್ನೊಬ್ಬನ ಮುಷ್ಟಿಯ ನಂಬಿಕೆಗೆ ಒಪ್ಪಿಸಿದವನಿಗೆ, ಆ ಮುಷ್ಟಿಯ ಒಡೆಯನು ಯಾವ ಜಾತಿಯವನೆಂದು ಕೇಳುವ ಮನಸ್ಸು ಅಷ್ಟಾಗಿ ಉಳಿಯದು.

ಚಾಲಕರಲ್ಲಿ ಎರಡು ಬಿನ್ನಹಗಳು. ಹದಿನೆಂಟು ತುಂಬದವರ ತಾಯಿತಂದೆಗಳನ್ನು ಕರೆಯಿಸಿ, ಪಾಠವನ್ನು ಕಣ್ಣಾರೆ ತೋರಿಸಿ, ಬಳಿಕ ಅವರ ಒಪ್ಪಿಗೆಯನ್ನು ಬರೆಯಿಸಿಕೊಳ್ಳಿರಿ. ಅಂಥ ಕಾಗದವು ನಿಮ್ಮ ಹೊಣೆಯನ್ನು ತೊಡೆದುಹಾಕದು, ಆದರೆ ತಾಯಂದಿರು ಬಂದು ನೋಡಿದ ಗರಡಿಯಲ್ಲಿ ಅಡ್ಡಾದಿಡ್ಡಿಯು ಕಡಿಮೆ. ಹೆಣ್ಣುಮಕ್ಕಳ ತರಗತಿಗೆ ಈಗ ಕೊಟ್ಟ ಹೊತ್ತು ದೀಪ ಹಚ್ಚಿದ ಮೇಲಿನದು. ಅದನ್ನು ಮುಂಜಾವಿಗೆ ತಂದರೆ ಬರುವವರ ಸಂಖ್ಯೆಯು ಹೆಚ್ಚಾದೀತು. ಈಗ ಪ್ರದರ್ಶನಕ್ಕೆ ಹೊತ್ತಾಯಿತು. ಮಟ್ಟಿಯ ಮೇಲೆ ಮಕ್ಕಳು ಆಗಲೇ ಎದುರುಬದುರಾಗಿ ನಿಂತಿದ್ದಾರೆ, ವಸ್ತಾದರು ಎರಡು ಸಲ ಗಡಿಯಾರವನ್ನು ನೋಡಿದರು, ನಾವು ಕುಳಿತುಕೊಳ್ಳುತ್ತೇವೆ.