ಊರಿನ ಭಂಡಾರಕ್ಕೆ ಯಾರು ಕಾವಲು?

(ಕುಂದಾಪುರದಲ್ಲಿ ಬಸವ ಜಯಂತಿಯ ಅಂಗವಾಗಿ ನಡೆದ ಶರಣರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಬಸವಣ್ಣನವರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ಕೇಳಿದ್ದಾರೆ. ನಾನು ಪ್ರವಚನಕಾರನಲ್ಲ. ಘಟ್ಟದ ಮೇಲಿನ ಪಟ್ಟಣಗಳ ಪುರಸಭೆಗಳಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಮಗಳ ಮನೆ ಇಲ್ಲಿದೆ ಎಂದು ಈ ಊರಿಗೆ ಬಂದು ನೆಲೆಸಿದೆ. ಹಾಗಾಗಿ ನನಗೆ ತಿಳಿದ ಬಸವಣ್ಣನವರ ಬಗ್ಗೆಯೇ ಹೇಳುತ್ತೇನೆ. ಅವರು ಭಂಡಾರಿ ಬಸವಣ್ಣ.

2024ರ ಜನವರಿಯಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಇಡಬೇಕೆಂದು ಆದೇಶವಾಯಿತು. ನಮಗೆಲ್ಲ ಸಂತೋಷವಾಯಿತು. ಆದರೆ ಆ ಚಿತ್ರದ ಕೆಳಗೆ ಕುಳಿತು ಯಾವ ಕಾಮಗಾರಿಗೆ ಎಷ್ಟು ಹಣ ಎಂದು ತೀರ್ಮಾನಿಸುವಾಗ, ಗೋಡೆಯ ಮೇಲಿರುವವರೂ ಒಂದು ಕಾಲಕ್ಕೆ ಇದೇ ಕೆಲಸ ಮಾಡಿದವರು ಎಂದು ನಮಗೆಷ್ಟು ಜನಕ್ಕೆ ನೆನಪಾಗುತ್ತದೆ? ಕಲ್ಯಾಣದಲ್ಲಿ ಅವರು ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದರು. ರಾಜನ ಹಣವನ್ನು ತನ್ನವರಿಗೆ ಹಂಚುತ್ತಾನೆ ಎಂದು ದೂರು ಹೋಯಿತು. ಭಂಡಾರ ತೆರೆಸಿ ಎಣಿಸಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ. ಪುರಾಣಗಳು ಇದನ್ನು ಪವಾಡ ಎನ್ನುತ್ತವೆ. ಲೆಕ್ಕದವನಾದ ನನಗೆ ಇದು ಪವಾಡವಾಗಿ ಕಾಣುವುದಿಲ್ಲ. ಪರರ ಹಣ ಬೇರೆ, ತನ್ನ ಕಾಯಕದ ಹಣ ಬೇರೆ ಎಂದು ಗೆರೆ ಎಳೆದುಕೊಂಡು ಬದುಕಿದವರ ಲೆಕ್ಕ ಯಾವಾಗ ತೆರೆದರೂ ಸರಿಯಾಗಿಯೇ ಇರುತ್ತದೆ.

ಈಗ ನಮ್ಮ ಊರಿನ ಭಂಡಾರಕ್ಕೆ ಬರೋಣ. ಪುರಸಭೆಯ ಆಯವ್ಯಯ ಪುಸ್ತಕದಲ್ಲಿ ರಾಜಸ್ವ ವೆಚ್ಚ, ಬಂಡವಾಳ ವೆಚ್ಚ ಎಂದು ಎರಡು ಭಾಗ ಇರುತ್ತವೆ. ಸಂಬಳ, ವಿದ್ಯುತ್ ಬಿಲ್ಲು, ಪಂಪಿನ ರಿಪೇರಿ, ಚರಂಡಿಯ ಹೂಳೆತ್ತುವುದು ರಾಜಸ್ವದಲ್ಲಿ ಬರುತ್ತವೆ. ರಸ್ತೆ, ಕಟ್ಟಡ, ನೀರಿನ ಟ್ಯಾಂಕು, ಯಂತ್ರ, ಉದ್ಯಾನ ಬಂಡವಾಳದಲ್ಲಿ ಬರುತ್ತವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಂಡವಾಳ ಎಂದರೆ ಸ್ಥಾವರ, ನಿರ್ವಹಣೆ ಎಂದರೆ ಜಂಗಮ. ಸ್ಥಾವರಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಹೆಸರು ಕೆತ್ತಿದ ಕಲ್ಲು ಇದೆ. ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಿ ನೀರು ಬಿಡುವವನಿಗೆ ಕಲ್ಲೂ ಇಲ್ಲ, ಹಾರವೂ ಇಲ್ಲ. ನಮ್ಮ ಪಟ್ಟಣಗಳ ತೊಂದರೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಪಟ್ಟಣದ ಸಂತೆಯಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟುವ ಪ್ರಸ್ತಾವ ಬಂತು. ಕಡತ ನನ್ನ ಮೇಜಿಗೆ ಬಂದಾಗ “ಅನುದಾನ ಲಭ್ಯವಿದೆ” ಎಂದು ಬರೆದು ಸಹಿ ಮಾಡಿದೆ. ನೀರು ಎಲ್ಲಿಂದ, ತೊಳೆಯುವವರು ಯಾರು, ಅವರ ಸಂಬಳ ಯಾವ ಲೆಕ್ಕದಲ್ಲಿ ಎಂದು ಕೇಳಲಿಲ್ಲ. ಕೇಳುವುದು ನನ್ನ ಕೆಲಸವೇ ಆಗಿತ್ತು. ಕಟ್ಟಡ ಆಯಿತು, ಟೈಲ್ಸ್ ಹಾಕಿದರು, ರಿಬ್ಬನ್ ಕತ್ತರಿಸಿದರು. ತಿಂಗಳೊಳಗೆ ಬೀಗ ಬಿತ್ತು. ಸೊಪ್ಪು ಮಾರುವ ಒಬ್ಬ ಮುದುಕಿ ಒಂದು ದಿನ ನನಗೆ ಹೇಳಿದಳು: “ಸಂತಿ ದಿನ ನಾ ಮುಂಜಾನಿಂದ ನೀರಾ ಕುಡ್ಯಂಗಿಲ್ಲರಿ, ಹೋಗಾಕ ಜಾಗಾ ಇಲ್ಲ.” ಆ ಕಟ್ಟಡದ ಬಾಗಿಲಲ್ಲೇ ಅವಳು ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ನನ್ನ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ, ಆಡಿಟ್‌ನಲ್ಲಿ ಆಕ್ಷೇಪಣೆಯೂ ಬರಲಿಲ್ಲ. ಆದರೂ ಆ ಹಣ ಹಾಳಾಯಿತು. ಲೆಕ್ಕ ಸರಿ ಇರುವುದು ಬೇರೆ, ಹಣ ಸದ್ವಿನಿಯೋಗವಾಗುವುದು ಬೇರೆ ಎಂದು ನನಗೆ ಕಲಿಸಿದವಳು ಆ ತಾಯಿ.

ಈ ಕಣ್ಣಿನಿಂದ ನಮ್ಮ ಮೂರು ತಾಲ್ಲೂಕುಗಳನ್ನು ನೋಡೋಣ.

ವಾರಾಹಿ ನೀರಾವರಿ ಯೋಜನೆಗೆ 1979ರಲ್ಲಿ ಮಂಜೂರಾತಿ ಸಿಕ್ಕಾಗ ಅಂದಾಜು 9.43 ಕೋಟಿ ರೂಪಾಯಿ. ಎಡದಂಡೆ ಕಾಲುವೆಯಲ್ಲಿ ನೀರು ಹರಿದದ್ದು 2015ರಲ್ಲಿ. ಅಷ್ಟರಲ್ಲಿ ವೆಚ್ಚ ನೂರಾರು ಕೋಟಿ ದಾಟಿತ್ತು. ಈ ನಡುವೆ ಆದದ್ದು ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಯ ಕಥೆ. ವಾರಾಹಿ ನೀರು ಬರುತ್ತದೆ, ಗದ್ದೆಗಳಲ್ಲಿ ಕಬ್ಬು ಬೆಳೆಯುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಕಾರ್ಖಾನೆ ಅದು. ನೀರು ಬರಲಿಲ್ಲ, ಕಬ್ಬು ಸಾಲಲಿಲ್ಲ, ಕಾರ್ಖಾನೆ ನಿಂತಿತು. ಕಾಲುವೆಯಲ್ಲಿ ನೀರು ಬರುವ ಹೊತ್ತಿಗೆ ಕಬ್ಬು ಅರೆಯುವ ಗಾಣ ಇರಲಿಲ್ಲ. ಎರಡೂ ಒಳ್ಳೆಯ ಯೋಜನೆಗಳೇ. ಯಾವುದು ಮೊದಲು, ಯಾವುದು ನಂತರ ಎಂಬುದು ತಪ್ಪಿದ್ದಕ್ಕೆ ಷೇರು ಹಾಕಿದ ರೈತರು ಬೆಲೆ ತೆತ್ತರು.

ಕುಂದಾಪುರಕ್ಕೆ ಬನ್ನಿ. 23 ವಾರ್ಡುಗಳ ಪುರಸಭೆ, 2011ರ ಜನಗಣತಿಯಲ್ಲಿ ಸುಮಾರು 30 ಸಾವಿರ ಜನ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳು ಸೇರುವ ಪಂಚಗಂಗಾವಳಿ ಪಕ್ಕದಲ್ಲೇ ಇದೆ. ಸುತ್ತ ನೀರು, ಆದರೂ ಬೇಸಿಗೆಯಲ್ಲಿ ಕುಡಿಯುವ ನೀರಿನ ಚಿಂತೆ. ಹೊಳೆಯ ಅಂಚಿನಲ್ಲಿರುವ ನಮ್ಮ ಪರಿಚಯದ ಅಮ್ಮ ಒಬ್ಬರು ಏಪ್ರಿಲ್ ಬಂತೆಂದರೆ, “ಬಾಮಿ ನೀರ್ ಉಪ್ಪಾಯ್ತ್ ಮಾರಾಯ್ರೆ” ಎನ್ನುತ್ತಾರೆ. ಇತ್ತ ಒಳಚರಂಡಿಗಾಗಿ ರಸ್ತೆ ಅಗೆದು ಕೊಳವೆ ಹಾಕಿ ದಶಕ ಕಳೆಯಿತು. ವೆಟ್‌ವೆಲ್‌ಗೆ, ಶುದ್ಧೀಕರಣ ಘಟಕಕ್ಕೆ ಜಾಗದ ತಕರಾರಿನಲ್ಲಿ ಯೋಜನೆ ಎಳೆದಾಡಿತು. ಮೊದಲು ಜಾಗ, ಆಮೇಲೆ ಕೊಳವೆ ಎಂಬ ಕ್ರಮ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಶಾಸ್ತ್ರಿ ಸರ್ಕಲ್‌ನ ಮೇಲ್ಸೇತುವೆ ಪುರಸಭೆಯದಲ್ಲ, ಹೆದ್ದಾರಿಯದು. 2010ರ ಸುಮಾರಿಗೆ ಶುರುವಾದ ಚತುಷ್ಪಥದ ಈ ಭಾಗ ವಾಹನಗಳಿಗೆ ತೆರೆದದ್ದು 2021ರಲ್ಲಿ. ಅಷ್ಟು ವರ್ಷ ಮಳೆಗಾಲದ ಕೆಸರು, ಬೇಸಿಗೆಯ ಧೂಳು ತಿಂದವರು ಸರ್ಕಲ್ಲಿನ ಅಂಗಡಿಯವರು ಮತ್ತು ಬಸ್ಸಿಗೆ ಕಾಯುವ ಮಕ್ಕಳು.

ಬೈಂದೂರಿನದು ಬೇರೆ ಪ್ರಶ್ನೆ. ಬೈಂದೂರು, ಯಡ್ತರೆ, ಪಡುವರಿ ಸೇರಿ ಪಟ್ಟಣ ಪಂಚಾಯಿತಿ ಆಯಿತು. ತೋಟ, ಗದ್ದೆ, ಕಾಡಿನಂಚಿನ ಮನೆಗಳೂ ಪಟ್ಟಣದ ಲೆಕ್ಕಕ್ಕೆ ಸೇರಿದವು. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಗ್ರಾಮಕ್ಕೆ ಮಾತ್ರ, ಪಟ್ಟಣಕ್ಕಿಲ್ಲ. ಕಾಗದದ ಮೇಲೆ ಪಟ್ಟಣವಾದ ಮನೆಗೆ ಪಟ್ಟಣದ ತೆರಿಗೆ ಬರುತ್ತದೆ. ಪಟ್ಟಣದ ನೀರು, ದೀಪ, ರಸ್ತೆ ಬರುತ್ತದೆಯೇ? ಅಲ್ಲಿಯ ರೈತರು ಕೇಳುತ್ತಿರುವುದು ಇದನ್ನೇ. ಹೊಸ ಪಟ್ಟಣ ಪಂಚಾಯಿತಿಯ ಮೊದಲ ಕಾಮಗಾರಿಗಳು ಪೇಟೆಯ ಹೆದ್ದಾರಿ ಬದಿಗೇ ಮುಗಿದರೆ ಒಳಗಿನವರ ಸಿಟ್ಟು ನ್ಯಾಯವಾದದ್ದೇ. ಬ್ರಹ್ಮಾವರ ತಾಲ್ಲೂಕು ಕೇಂದ್ರವಾಗಿ ಬೆಳೆಯುತ್ತಿದೆ. ಅಲ್ಲಿಯ ಬಂಧುಗಳು ಈ ಎರಡೂ ಊರುಗಳ ಪಾಠವನ್ನು ಈಗಲೇ ಓದಿಕೊಳ್ಳಬೇಕು.

ಹಣ ಎಲ್ಲಿಂದ ಬರುತ್ತದೆ? ನಮ್ಮ ಆಸ್ತಿ ತೆರಿಗೆ, ನೀರಿನ ಶುಲ್ಕ, ಅಂಗಡಿ ಬಾಡಿಗೆ ಪುರಸಭೆಯ ಸ್ವಂತ ನಿಧಿ. ಉಳಿದದ್ದು ರಾಜ್ಯ, ಕೇಂದ್ರದ ಅನುದಾನ. ಅನುದಾನಕ್ಕೆ ಷರತ್ತುಗಳಿರುತ್ತವೆ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ನಮ್ಮಂಥ ಸಣ್ಣ ಪಟ್ಟಣಗಳಿಗೆ ಕೊಟ್ಟದ್ದರಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ಎತ್ತಿಡಬೇಕಾದ ನಿಧಿಗಳಿವೆ. ಈ ಹಣ ಖರ್ಚಾಯಿತೇ, ಯಾರಿಗೆ ತಲುಪಿತು ಎಂದು ಕೇಳುವುದು ಪರಿಶಿಷ್ಟರೊಬ್ಬರ ಕೆಲಸ ಎಂದು ನಾವು ಬಿಟ್ಟಿದ್ದೇವೆ. ಮಾದಾರ ಚೆನ್ನಯ್ಯನವರನ್ನು ಹಿರಿಯರೆಂದು ಕರೆದವರ ಮಕ್ಕಳು ನಾವು. ಇದು ನಮ್ಮ ಕೆಲಸವೂ ಹೌದು.

ಆಯವ್ಯಯಕ್ಕೆ ಮೊದಲು ಪುರಸಭೆಗಳು ಪೂರ್ವಭಾವಿ ಸಭೆ ಕರೆದು ಜನರ ಸಲಹೆ ಕೇಳುತ್ತವೆ. ನಾನು ಕಂಡ ಇಂಥ ಸಭೆಗಳಲ್ಲಿ ಬಹಳಷ್ಟು ಕಡೆ ಕುರ್ಚಿಗಳೇ ಹೆಚ್ಚು, ಜನ ಕಡಿಮೆ. ಬಂದವರೂ “ನಮ್ಮ ರಸ್ತೆಗೆ ಡಾಂಬರು” ಎಂದು ಹೇಳಿ ಎದ್ದು ಹೋಗುತ್ತಾರೆ. ಅನುಭವ ಮಂಟಪದ ವಾರಸುದಾರರು ಅಲ್ಲಿಗೆ ಹೋಗಿ ಕೂರಬೇಕು. ಪ್ರತಿಯೊಂದು ಕಾಮಗಾರಿಗೂ ಐದು ಪ್ರಶ್ನೆ ಕೇಳಬೇಕು. ಒಂದು, ಇದರಿಂದ ಊರಿನಲ್ಲಿ ಅತ್ಯಂತ ಕಷ್ಟದಲ್ಲಿರುವವನಿಗೆ ಏನು ಸಿಗುತ್ತದೆ? ಎರಡು, ಜಾಗ ಕೈಯಲ್ಲಿದೆಯೇ? ಮೂರು, ಕಟ್ಟಿದ ಮೇಲೆ ವರ್ಷಕ್ಕೆ ನಡೆಸುವ ಖರ್ಚೆಷ್ಟು, ಯಾವ ಲೆಕ್ಕದಿಂದ? ನಾಲ್ಕು, ಅರ್ಧಕ್ಕೆ ನಿಂತ ಹಳೆಯದು ಮುಗಿಯುವ ಮೊದಲು ಹೊಸದು ಏಕೆ? ಐದು, ಕೆಟ್ಟರೆ ಎಷ್ಟು ವರ್ಷದವರೆಗೆ ಗುತ್ತಿಗೆದಾರನ ಹೊಣೆ? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅಧಿಕಾರಿಯನ್ನು ಕಳ್ಳ ಎಂದು ಬಯ್ಯಬೇಕಾಗಿಲ್ಲ. ಕೇಳುವವರಿದ್ದಾರೆ ಎಂದು ಗೊತ್ತಾದರೆ ನನ್ನಂಥ ಗುಮಾಸ್ತನೂ ಸಹಿ ಮಾಡುವ ಮೊದಲು ಒಮ್ಮೆ ಯೋಚಿಸುತ್ತಾನೆ.

ಆದ್ಯತೆ ಯಾವುದಿರಬೇಕು ಎಂದು ಕೇಳಿದರೆ ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಮೊದಲು ನೀರು, ಆಮೇಲೆ ಮಲಿನ ನೀರು ಹೋಗುವ ದಾರಿ, ಅದರ ಜೊತೆಗೇ ಆ ಕೆಲಸ ಮಾಡುವವರ ಜೀವ. ಮನುಷ್ಯನನ್ನು ಗುಂಡಿಗೆ ಇಳಿಸಿ ಮಲ ತೆಗೆಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಗುಂಡಿ ಹೀರುವ ಯಂತ್ರ, ಕೈಗವಸು, ಬೂಟು, ಸ್ನಾನಕ್ಕೊಂದು ಕೋಣೆ, ಇವು ಯಾವ ಉದ್ಯಾನಕ್ಕಿಂತಲೂ ಮೊದಲು ಬರಬೇಕಾದ ಕಾಮಗಾರಿಗಳು. ಕಸ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆ ಎಂದು ನಮಸ್ಕರಿಸಿ, ಬೀದಿ ಗುಡಿಸುವ ತಾಯಿಗೆ ಕುಡಿಯಲು ಬೇರೆ ಲೋಟ ಇಡುವ ಮನೆ ಲಿಂಗಾಯತರ ಮನೆ ಹೇಗಾದೀತು?

ಇನ್ನು ಕೊನೆಯ ಮಾತು. ಕೆಲವರಿಗೆ ಬೇಸರವಾಗಬಹುದು, ಕ್ಷಮಿಸಿ. ಈ ಸಭೆಯ ಕೊನೆಗೆ ಸಮುದಾಯ ಭವನಕ್ಕೂ ಬಸವಣ್ಣನವರ ಪ್ರತಿಮೆಗೂ ಅನುದಾನ ಕೇಳಿ ಮನವಿ ಕೊಡಬೇಕೆಂದು ಠರಾವು ಸಿದ್ಧವಾಗಿದೆ. ಕರಡು ನನಗೂ ತೋರಿಸಿದರು. ಬೇರೆ ಸಮಾಜದವರಿಗೆ ಸಿಕ್ಕಿದೆ, ನಮಗೇಕಿಲ್ಲ ಎಂಬ ನೋವು ನನಗೂ ಅರ್ಥವಾಗುತ್ತದೆ. ನೌಕರಿ, ವ್ಯಾಪಾರಕ್ಕೆಂದು ಘಟ್ಟ ಇಳಿದು ಬಂದ ನಾವು ಇಲ್ಲಿ ಸಂಖ್ಯೆಯಲ್ಲಿ ಕಡಿಮೆ. ಸೇರಲು ಒಂದು ಜಾಗ ಬೇಕು ಎನ್ನುವುದು ತಪ್ಪಲ್ಲ. ಆದರೆ ಇದೇ ಊರಿನಲ್ಲಿ ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದ ಕೂಲಿಯವರು ಶೀಟಿನ ಶೆಡ್ಡುಗಳಲ್ಲಿದ್ದಾರೆ. ಚರಂಡಿ ಅಗೆಯುವವರು ಅವರು, ಗಾರೆ ಹೊರುವವರು ಅವರು. ಮತದಾರರ ಪಟ್ಟಿ ಇಲ್ಲಿಯದಲ್ಲ, ಹಾಗಾಗಿ ಯಾವ ಕ್ರಿಯಾಯೋಜನೆಯಲ್ಲೂ ಅವರ ಹೆಸರಿಲ್ಲ. ಅವರಲ್ಲಿ ನಮ್ಮ ಭಾಷೆಯವರಿದ್ದಾರೆ, ಕೊರಳಲ್ಲಿ ಇಷ್ಟಲಿಂಗ ಇರುವವರೂ ಇದ್ದಾರೆ. ಇಲ್ಲದಿದ್ದರೇನು, ಅವರೂ ನಮ್ಮವರೇ.

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬನ್ನಿ ಎಂದಳು. ಹೆಚ್ಚಿನದ್ದು ಬೇರೆಯವರ ಪಾಲು ಎಂದು ಆಕೆಗೆ ಗೊತ್ತಿತ್ತು. ಊರಿನ ಭಂಡಾರದಿಂದ ನಾವು ಕೇಳುವ ಭವನ ಯಾರ ಪಾಲಿನ ನೀರು ಎಂದು ಒಮ್ಮೆ ಲಕ್ಕಮ್ಮನ ಹಾಗೆ ಯೋಚಿಸೋಣ. ಭವನ ಬೇಕಿದ್ದರೆ ನಮ್ಮ ದಾಸೋಹದಿಂದ ಕಟ್ಟೋಣ, ನನ್ನ ಒಂದು ತಿಂಗಳ ಪಿಂಚಣಿ ಅದಕ್ಕೆ ಮೊದಲ ಕಾಣಿಕೆ. ಪುರಸಭೆಗೆ ಕೊಡುವ ಮನವಿಯಲ್ಲಿ ಆ ಶೆಡ್ಡುಗಳಿಗೊಂದು ನಲ್ಲಿ, ಪೌರಕಾರ್ಮಿಕರಿಗೆ ಯಂತ್ರ, ನಿಂತ ಒಳಚರಂಡಿಗೆ ಮುಕ್ತಿ, ಸಂತೆಯಲ್ಲಿ ಕೂರುವ ಹೆಂಗಸರಿಗೆ ನೀರು ಇರುವ, ಬೀಗ ಬೀಳದ ಒಂದು ಶೌಚಾಲಯ ಕೇಳೋಣ. ಬಸವಣ್ಣನವರ ಹೆಸರಿನಲ್ಲೇ ಕೇಳೋಣ.

ಈ ತಿದ್ದುಪಡಿಯನ್ನು ಸಭೆಯ ಮುಂದೆ ಇಡುತ್ತಿದ್ದೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು. ಕಟು ಮಾತಾಡಿದ್ದರೆ ನಿಮ್ಮ ಮನೆಯ ಹಿರಿಯನೆಂದು ಸಹಿಸಿಕೊಳ್ಳಿ.