ದುಡ್ಡು ಕೊಟ್ಟು ದುರ್ಯೋಧನ, ದುಡಿಮೆಗೆ ದ್ರೌಪದಿ

  ಈ ವಾರದ ಮಾತು ಪುರಾಣದ ಬಗ್ಗೆ. ಹೆದರಬೇಡಿ, ಪ್ರವಚನ ಅಲ್ಲ.

ಪುರಾಣ ನಮ್ಮ ಬಾಯಲ್ಲಿ ಇದ್ದೇ ಇದೆ. ತಡವಾಗಿ ಎದ್ದರೆ ಕುಂಭಕರ್ಣ, ಬಾಸ್ ಕಿವಿ ಊದೋನು ಶಕುನಿ, ಎಲ್ಲರ ಬಿಲ್ ಕೊಡೋನು ಕರ್ಣ. ವಿಜಯನಗರದ ಬಸ್ಸಲ್ಲಿ ಕಂಡಕ್ಟರ್ 'ಮಾರುತಿ ಮಂದಿರ, ಮಾರುತಿ ಮಂದಿರ' ಅಂತ ಕೂಗಿದಾಗ ಎಷ್ಟು ಜನಕ್ಕೆ ಹನುಮಂತ ನೆನಪಾಗ್ತಾನೆ? ಅದೊಂದು ಸ್ಟಾಪ್, ಅಷ್ಟೇ. 2020ರ ಲಾಕ್‌ಡೌನ್‌ನಲ್ಲಿ ಹಿಂದಿ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂತಲ್ಲ, ಅಲ್ಲಿಂದಾಚೆಗೆ ಕೃಷ್ಣನ ಡೈಲಾಗ್ ಇಲ್ಲದ ವಾಟ್ಸ್ಆ್ಯಪ್ ಸ್ಟೇಟಸ್ಸೇ ಅಪರೂಪ. ಬ್ರೇಕಪ್ ಆದವರಿಗೂ ಕೃಷ್ಣ, ಸಪ್ಲಿಮೆಂಟರಿ ಬರೆಯೋರಿಗೂ ಕೃಷ್ಣ. ಇದೆಲ್ಲ ನಿಮಗೆ ಗೊತ್ತಿರೋದೇ. ನಾನು ಹೇಳೋಕೆ ಹೊರಟಿರೋದು ಇನ್ನೊಂದು.

ಕೆಂಗೇರಿ, ಉಲ್ಲಾಳ, ಸುಂಕದಕಟ್ಟೆ, ಲಗ್ಗೆರೆ ಕಡೆ ಓಡಾಡೋರು ಒಂದು ಥರದ ಫ್ಲೆಕ್ಸ್ ನೋಡಿರ್ತೀರಿ. ಮೇಲೆ ಊರ ದೇವರ ಫೋಟೋ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಕುರುಕ್ಷೇತ್ರ ಎಂಬ ಸುಂದರ ಪೌರಾಣಿಕ ನಾಟಕ'. ಅದರ ಕೆಳಗೆ ಸಾಲು ಸಾಲು ಮುಖಗಳು, ಬಿಳಿ ಶರ್ಟು, ಕೂಲಿಂಗ್ ಗ್ಲಾಸು, ಹಣೆಗೆ ಕುಂಕುಮ. ಒಬ್ಬೊಬ್ಬರ ಕೆಳಗೂ ಒಂದೊಂದು ಪಾತ್ರ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಭೀಮ, ಕರ್ಣ, ಶಕುನಿ. ನಾವು ಅದನ್ನ ರಾಜಕೀಯದ ಬರ್ತ್‌ಡೇ ಫ್ಲೆಕ್ಸ್ ಅಂದ್ಕೊಂಡು ಸ್ಕೂಟರ್ ಮುಂದಕ್ಕೆ ಬಿಡ್ತೀವಿ.

ಆ ಫೋಟೋದಲ್ಲಿರೋರು ಯಾರು? ಆಟೋ ಓಡಿಸೋರು, ಬಿಎಂಟಿಸಿಯವರು, ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲೋರು, ಸೈಟ್ ಬ್ರೋಕರ್, ಹಾಲಿನ ಬೂತ್ ಇಟ್ಟಿರೋರು, ಮೇಷ್ಟ್ರು. ಬೆಂಗಳೂರಿನ ಈ ಪಶ್ಚಿಮ ಭಾಗ ತುಂಬಿದ್ದು ಮಾಗಡಿ, ಕುಣಿಗಲ್, ತುಮಕೂರು, ಮಂಡ್ಯ, ಹಾಸನದ ಕಡೆಯಿಂದ ಬಂದವರಿಂದ. ಜೊತೆಗೆ ಮಲ್ಲತ್ತಹಳ್ಳಿ, ನಾಗರಬಾವಿಯಂಥ ಹಳ್ಳಿಗಳು ಇದ್ದ ಜಾಗದಲ್ಲೇ ನಗರವಾದವು. ಊರು ಬಿಟ್ಟು ಬಂದವರು ನಾಟಕ ಬಿಟ್ಟು ಬರಲಿಲ್ಲ, ಊರೊಳಗೇ ನಗರ ಬಂದವರೂ ಬಿಡಲಿಲ್ಲ.

ಇದು ನಡೆಯೋದು ಹೀಗೆ. ಮೊದಲು ಒಬ್ಬ ಮೇಷ್ಟ್ರನ್ನ ಗೊತ್ತುಮಾಡ್ತಾರೆ. ನಾಟಕದ ಮೇಷ್ಟ್ರು ಅಂದರೆ ಹಾರ್ಮೋನಿಯಂ ನುಡಿಸೋರೂ ಅವರೇ, ಪದ್ಯ ಹೇಳಿಕೊಡೋರೂ ಅವರೇ, ಡೈರೆಕ್ಟರೂ ಅವರೇ. ಆಮೇಲೆ ಪಾತ್ರ ಹಂಚಿಕೆ. ಇಲ್ಲಿದೆ ನೋಡಿ ಮಜಾ. ಪಾತ್ರ ಮಾಡಿದ್ದಕ್ಕೆ ಇಲ್ಲಿ ಸಂಬಳ ಇಲ್ಲ, ಪಾತ್ರ ಬೇಕು ಅಂದರೆ ನಾವೇ ದುಡ್ಡು ಕೊಡಬೇಕು. ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಮೈಕು, ಲೈಟು, ಊಟ, ಎಲ್ಲ ಸೇರಿಸಿ ಪಾತ್ರಗಳ ಮೇಲೆ ಹಾಕ್ತಾರೆ. ಸಣ್ಣ ಪಾತ್ರಕ್ಕೆ ಸ್ವಲ್ಪ, ದೊಡ್ಡ ಪಾತ್ರಕ್ಕೆ ಹತ್ತಾರು ಸಾವಿರ. ಕೃಷ್ಣ, ದುರ್ಯೋಧನ ಎರಡಕ್ಕೂ ಡಿಮ್ಯಾಂಡ್ ಜಾಸ್ತಿ, ರೇಟೂ ಜಾಸ್ತಿ. ಅದಕ್ಕೇ ಇಬ್ಬರು ಕೃಷ್ಣರು. ಸಂಧಾನದವರೆಗೆ ಒಬ್ಬ, ಆಮೇಲೆ ಇನ್ನೊಬ್ಬ. ಮುಖ ಬದಲಾಯ್ತು, ಮೈಕಟ್ಟು ಬದಲಾಯ್ತು, ಕಿರೀಟ ಮಾತ್ರ ಅದೇ. ಜನ ಯಾರೂ ಕೇಳೋದಿಲ್ಲ.

ಆಮೇಲೆ ತಿಂಗಳುಗಟ್ಟಲೆ ಅಭ್ಯಾಸ, ಕೆಲಸ ಮುಗಿಸಿ ಬಂದು ರಾತ್ರಿ. ಕಂದ, ವೃತ್ತ ಬಾಯಿಪಾಠ. ಓದು ಬಾರದವರೂ ಕಿವಿಯಲ್ಲಿ ಕೇಳಿಕೊಂಡೇ ಇಡೀ ಪಾತ್ರ ಕಲಿತುಬಿಡ್ತಾರೆ. ನಾಟಕದ ದಿನ ರಾತ್ರಿ ಶುರುವಾದರೆ ಮುಗಿಯೋದು ಬೆಳಗಿನ ಜಾವ. ಮಧ್ಯದಲ್ಲಿ ಅಕ್ಕ, ಭಾವ, ಫ್ರೆಂಡ್ಸು ಸ್ಟೇಜ್ ಹತ್ತಿ ಹಾರ ಹಾಕ್ತಾರೆ. ಯುದ್ಧ ನಿಲ್ಲುತ್ತೆ, ಫೋಟೋ ಆಗುತ್ತೆ, ಯುದ್ಧ ಮುಂದುವರಿಯುತ್ತೆ.

ವಿಜಯನಗರದಲ್ಲಿ ಆಟೋ ಓಡಿಸೋ, ಕುಣಿಗಲ್ ಕಡೆಯ ಒಬ್ಬರು ನನಗೆ ಪರಿಚಯ. ದುರ್ಯೋಧನ ಮಾಡಿದವರು. ಅಷ್ಟು ದುಡ್ಡು ಕೊಟ್ಟು ಆ ಪಾತ್ರ ಯಾಕಣ್ಣಾ, ಧರ್ಮರಾಯ ಮಾಡಬಹುದಿತ್ತಲ್ಲ, ಕಮ್ಮಿಗೆ ಸಿಕ್ಕಿರೋದು ಅಂದೆ. ಅವರು ಹೇಳಿದ್ದು: "ನೋಡಿ ಮೇಡಂ, ವರ್ಷವೆಲ್ಲ ಹೂಂ ಸಾರ್, ಆಯ್ತು ಸಾರ್ ಅಂತೀನಿ. ಅವತ್ತೊಂದು ರಾತ್ರಿ ನನಗೆ ಎದುರು ಮಾತಾಡಬೇಕು ಅಂದ್ರೆ ಕೃಷ್ಣನೇ ಬರಬೇಕು."

ದುರ್ಯೋಧನನ ಮೇಲಿನ ಈ ಪ್ರೀತಿ ಇವತ್ತಿಂದಲ್ಲ. ಸಾವಿರ ವರ್ಷದ ಹಿಂದೆ ರನ್ನ 'ಗದಾಯುದ್ಧ' ಬರೆದಾಗ ತನ್ನ ದೊರೆ ಸತ್ಯಾಶ್ರಯನನ್ನ ಭೀಮನ ಜೊತೆ ಹೋಲಿಸಿದ. ಆ ಕಾವ್ಯದ ಇನ್ನೊಂದು ಹೆಸರೇ 'ಸಾಹಸಭೀಮ ವಿಜಯ'. ಆದರೂ ಓದಿದ ಮೇಲೆ ತಲೆಯಲ್ಲಿ ಉಳಿಯೋದು ಹೆಣಗಳ ನಡುವೆ ನಡೆದುಹೋಗ್ತಾ ಮಗನನ್ನ, ತಮ್ಮನನ್ನ, ಕರ್ಣನನ್ನ ನೋಡಿ ಅಳೋ ದುರ್ಯೋಧನ. 2019ರ 'ಕುರುಕ್ಷೇತ್ರ' ಸಿನಿಮಾದಲ್ಲಿ ಸ್ಟಾರ್ ಹೀರೋ ದರ್ಶನ್ ಮಾಡಿದ್ದೂ ದುರ್ಯೋಧನನ ಪಾತ್ರವನ್ನೇ. ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ನನ್ನ ಪ್ರಕಾರ ಸ್ಟೇಟಸ್ ಕೃಷ್ಣನಿಗಿಂತ ಈ ದುರ್ಯೋಧನ ಹೆಚ್ಚು ನಿಜ. ಸ್ಟೇಟಸ್ ನಮಗೆ ಸಮಾಧಾನವಾಗಿರು ಅಂತ ಹೇಳುತ್ತೆ. ಕೆಂಗೇರಿಯ ಸ್ಟೇಜು ಒಂದು ರಾತ್ರಿ ಮಟ್ಟಿಗೆ ಸಿಟ್ಟು ಮಾಡ್ಕೊಳ್ಳೋಕೆ ಬಿಡುತ್ತೆ.

ರಾಜಾಜಿನಗರದವರಿಗೆ ಈ ಪರಂಪರೆ ದಿನಾ ಓಡಾಡೋ ರಸ್ತೆಯ ಹೆಸರಲ್ಲೇ ಇದೆ. ನವರಂಗ್ ದಾಟಿದರೆ ಡಾ. ರಾಜ್‌ಕುಮಾರ್ ರಸ್ತೆ. ಅವರು ಸಿನಿಮಾಕ್ಕೆ ಬಂದದ್ದು ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳ ಸ್ಟೇಜಿಂದ. 1954ರ 'ಬೇಡರ ಕಣ್ಣಪ್ಪ' ಆ ಸ್ಟೇಜಿನದೇ ಮುಂದುವರಿಕೆ, 1977ರ 'ಬಭ್ರುವಾಹನ'ದಲ್ಲಿ ಅಪ್ಪ ಅರ್ಜುನನೂ ಅವರೇ, ಮಗ ಬಭ್ರುವಾಹನನೂ ಅವರೇ. ಗುಬ್ಬಿ ಕಂಪನಿ 1930ರ ದಶಕದಲ್ಲೇ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನ ಸ್ಟೇಜ್ ಮೇಲೆ ತಂದಿತ್ತು. ವಿಎಫ್‌ಎಕ್ಸ್ ಚೆನ್ನಾಗಿಲ್ಲ ಅಂತ ರಿವ್ಯೂ ಬರೆಯೋರು ಇದನ್ನ ಸ್ವಲ್ಪ ಊಹಿಸ್ಕೊಳ್ಳಿ.

ಈಗ ಫ್ಲೆಕ್ಸ್‌ನ ಕೊನೇ ಸಾಲಿಗೆ ಬರೋಣ. ಮೇಲೆ ಗಂಡಸರ ಫೋಟೋಗಳು. ತಳದಲ್ಲಿ 'ಸ್ತ್ರೀ ಪಾತ್ರದಲ್ಲಿ' ಅಂತ ಮೂರ್ನಾಲ್ಕು ಹೆಸರು: ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿ. ಇವರು ಆ ಊರಿನವರಲ್ಲ, ಪಾತ್ರಕ್ಕೆ ದುಡ್ಡು ಕೊಟ್ಟವರೂ ಅಲ್ಲ. ಕೂಲಿಗೆ ಬಂದ ಕಲಾವಿದೆಯರು. ಅಂದರೆ ಒಂದೇ ಸ್ಟೇಜ್ ಮೇಲೆ ರಾಜನಾಗೋಕೆ ದುಡ್ಡು ಕೊಟ್ಟ ಗಂಡಸು, ಎದುರಿಗೆ ಮನೆ ಬಾಡಿಗೆ ಕಟ್ಟೋಕೆ ರಾಣಿಯಾದ ಹೆಂಗಸು.

ಅಂಥ ಒಬ್ಬ ದ್ರೌಪದಿ ಲಗ್ಗೆರೆ ಕಡೆ ಇದಾರೆ. ಹೆಸರು ಬೇಡಮ್ಮ, ಓನರ್‌ಗೆ ನಾಟಕದೋಳು ಅಂತ ಗೊತ್ತಾದ್ರೆ ಮುಖ ಬೇರೆ ಥರ ಆಗುತ್ತೆ ಅಂದರು. ಮನೆಗೆ ಟೈಲರಿಂಗ್ ಅಂತ ಹೇಳಿದಾರಂತೆ. ಶಿವರಾತ್ರಿ ಆದಮೇಲೆ ಜಾತ್ರೆಗಳು ಶುರು, ಅದೇ ಅವರ ಸೀಸನ್. ಒಂದು ರಾತ್ರಿ ಮಾಗಡಿ ಕಡೆ, ಮಾರನೇ ರಾತ್ರಿ ನೆಲಮಂಗಲ. ಗಂಡಸರು ಆರು ತಿಂಗಳು ಕಲಿತದ್ದನ್ನ ಇವರು ಒಂದೆರಡು ಅಭ್ಯಾಸಕ್ಕೆ ಬಂದು ಮುಗಿಸ್ತಾರೆ. ಯಾಕೆ ಅಂದರೆ ಇಡೀ ನಾಟಕ ಇವರಿಗೆ ಬಾಯಿಪಾಠ. ಬರೀ ದ್ರೌಪದಿಯ ಮಾತಲ್ಲ, ಎಲ್ಲರ ಮಾತೂ.

ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ದ್ರೌಪದಿ ಬಿಚ್ಚಿದ ಮುಡಿ ಹಿಡಿದು ನಿಲ್ಲೋ ಸೀನ್ ಇದೆಯಲ್ಲ, ನೀನು ಸಂಧಿ ಮಾಡಿಕೊಂಡು ಬಂದರೆ ಈ ಕೂದಲಿನ ಗತಿ ಏನು ಅಂತ ಕೇಳೋದು. ಜನ ಕಣ್ಣೊರೆಸಿಕೊಳ್ಳೋ ಜಾಗ ಅದು. ಅಲ್ಲೇ ಕೃಷ್ಣ ಮಾತು ಮರೀತಾನಂತೆ. ಹಾರ ಹಾಕಿಸಿಕೊಂಡು, ಮೊಬೈಲ್ ಕ್ಯಾಮೆರಾ ನೋಡಿ ಗಾಬರಿ. "ಆಗ ನಾನು ಕಾಲಿಗೆ ಬೀಳೋ ಹಂಗೆ ಬಗ್ಗಿ, ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ಅವನ ಮಾತು ಅವನಿಗೆ ಹೇಳ್ಕೊಡ್ತೀನಿ. ಜನ ಅಳ್ತಾವ್ಳೆ ಅನ್ಕೋತಾರೆ. ನನ್ನ ಕಾಪಾಡೋ ದೇವರಿಗೆ ನಾನೇ ಡೈಲಾಗ್ ಹೇಳಬೇಕು ಕಣಮ್ಮ." ಇದನ್ನ ನಗ್ತಾನೇ ಹೇಳಿದರು. ಆಮೇಲೆ ಸನ್ಮಾನದ ಹೊತ್ತಿಗೆ ಕೃಷ್ಣನಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ದ್ರೌಪದಿ ಅಷ್ಟು ಹೊತ್ತಿಗೆ ಸೀರೆ ಬದಲಾಯಿಸಿ, ಉಳಿದ ಕೂಲಿಗೆ ಕಾಯ್ತಾ ಸೈಡ್ ವಿಂಗ್‌ನಲ್ಲಿ ಕೂತಿರ್ತಾರೆ. ಬೆಳಗಿನ ಮೊದಲ ಬಸ್ಸು ಸಿಗಬೇಕಲ್ಲ.

ನಾನು ಇದನ್ನ ಕೇಳಿದಮೇಲೆ ಒಂದು ವಿಷಯ ಬಿಡದೆ ಕಾಡ್ತು. ಮಹಾಭಾರತದ ಸಭೆಯಲ್ಲಿ ಅವಳು ಕೇಳಿದ್ದು ಲೆಕ್ಕದ ಪ್ರಶ್ನೆ: ಧರ್ಮರಾಯ ಮೊದಲು ತನ್ನನ್ನ ಸೋತನಾ, ನನ್ನನ್ನ ಸೋತನಾ? ಮೊದಲು ತಾನೇ ಸೋತಿದ್ದರೆ ನನ್ನನ್ನ ಪಣಕ್ಕಿಡೋಕೆ ಅವನು ಯಾರು? ಸಭೆಯಲ್ಲಿ ದೊಡ್ಡವರೆಲ್ಲ ತಲೆ ತಗ್ಗಿಸಿದರು. ಇಲ್ಲೂ ಲೆಕ್ಕ ಇದೆ. ಒಂದನೇ ಕೃಷ್ಣ ಎಷ್ಟು ಕೊಟ್ಟ, ಎರಡನೇ ಕೃಷ್ಣ ಎಷ್ಟು ಕೊಟ್ಟ ಅನ್ನೋದು ಊರಿಗೆಲ್ಲ ಗೊತ್ತು. ದ್ರೌಪದಿಗೆ ಎಷ್ಟು ಕೊಟ್ಟರು ಅಂತ ಕೇಳಿದರೆ ಮೇಷ್ಟ್ರು ಹಾರ್ಮೋನಿಯಂ ಒರೆಸೋಕೆ ಶುರು ಮಾಡ್ತಾರೆ.

ಹೆಂಗಸರು ರಾಜನ ಪಾತ್ರ ಮಾಡಿಲ್ಲ ಅಂತಲ್ಲ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲೇ 'ಸ್ತ್ರೀ ನಾಟಕ ಮಂಡಳಿ' ಕಟ್ಟಿದರು. ಅಲ್ಲಿ ಎಲ್ಲ ಪಾತ್ರಕ್ಕೂ ಹೆಂಗಸರೇ. ನಾಗರತ್ನಮ್ಮ ಕಂಸನಾಗಿ ನಿಂತರೆ ಜನಕ್ಕೆ ಹೆಂಗಸು ಅನ್ನೋದೇ ಮರೆತುಹೋಗ್ತಿತ್ತು ಅಂತ ನೋಡಿದ ಹಿರಿಯರು ಇವತ್ತಿಗೂ ಹೇಳ್ತಾರೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇತ್ತೀಚೆಗೆ ತುಮಕೂರು, ಮಂಡ್ಯ, ಬೆಂಗಳೂರಿನ ಕಡೆ ಹೆಂಗಸರದೇ ಕುರುಕ್ಷೇತ್ರ ತಂಡಗಳು ಮತ್ತೆ ಕಾಣಿಸ್ತಿವೆ.

ಲಗ್ಗೆರೆಯ ದ್ರೌಪದಿಗೂ ಈಗ ಅಂಥದ್ದೊಂದು ತಂಡ ಸಿಕ್ಕಿದೆ. ಸುಂಕದಕಟ್ಟೆ ಕಡೆಯ ಒಂದು ಸ್ವಸಹಾಯ ಸಂಘದವರು. ಚಪಾತಿ, ಹಪ್ಪಳ ಮಾಡಿ ಮಾರೋರು, ಗಾರ್ಮೆಂಟ್ಸ್‌ಗೆ ಹೋಗೋರು. ಮಾತು ಹೇಳಿಕೊಡೋಕೆ ಬನ್ನಿ ಅಂತ ಇವರನ್ನ ಕರೆದಿದ್ದಾರೆ. ನಟಿಯಾಗಿ ಅಲ್ಲ, ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕೂರೋಕೆ. ಕೃಷ್ಣ ಬುಕ್ ಆಯ್ತು, ಭೀಮ ಬುಕ್ ಆಯ್ತು, ದುರ್ಯೋಧನನಿಗೆ ಇಬ್ಬರು ಹಟ ಹಿಡಿದು ಒಂದನೇ, ಎರಡನೇ ಅಂತ ಹಂಚಿಕೊಂಡಿದಾರೆ. ಒಂದು ಪಾತ್ರ ಮಾತ್ರ ಇನ್ನೂ ಯಾರೂ ತಗೊಂಡಿಲ್ಲ. ದ್ರೌಪದಿ ಮಾಡೋಕೆ ಯಾರನ್ನ ಕರೆಸೋಣ ಅಕ್ಕಾ, ಎಷ್ಟು ಕೊಡಬೇಕಾಗುತ್ತೆ ಅಂತ ಅವರು ಇವರನ್ನೇ ಕೇಳಿದ್ರಂತೆ.

ಈ ಸಲ ರೇಟು ತಾವೇ ಹೇಳಿದಾರೆ. ಅಡ್ವಾನ್ಸೂ ಬಂದಿದೆ.